ಊದಿಸುವ ಮಾತ್ರೆ, ಇಳಿಸುವ ಮಾತ್ರೆ

1969ರ ಜೂನ್ ತಿಂಗಳಲ್ಲಿ ನಾನು ಹನೂರಿನ ಒಂದು ಧರ್ಮಾರ್ಥ ಚಿಕಿತ್ಸಾಲಯಕ್ಕೆ ವೈದ್ಯನಾಗಿ ಸೇರಿದೆ. ಆಗ ಹನೂರು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ನನಗೆ ಮೂವತ್ತೊಂದು ವರ್ಷ. ಆರು ಹಾಸಿಗೆ, ಒಂದು ಔಷಧಿ ಬೀರು, ಒಂದು ತೂಕದ ಯಂತ್ರ, ಒಂದು ಜೀಪು, ನರ್ಸ್ ರಾಜಮ್ಮ. ಇವಿಷ್ಟು ನನ್ನ ಸಾಮ್ರಾಜ್ಯ. ಮೈಸೂರಿನಲ್ಲಿ ಓದಿ ಬಂದವನಾದ್ದರಿಂದ ನನಗೆ ಎಲ್ಲ ಗೊತ್ತಿದೆ ಎಂಬ ಭ್ರಮೆಯೂ ಜೊತೆಗಿತ್ತು.

ಆಗಸ್ಟಿನಲ್ಲಿ ಶಾಗ್ಯದಿಂದ ಪುಟ್ಟಮಾದಮ್ಮ ಎಂಬ ಹೆಣ್ಣುಮಗಳು ಬಂದಳು. ಇಪ್ಪತ್ತೆಂಟು ವರ್ಷ, ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಗಂಡ ಶಿವಮಲ್ಲಪ್ಪ ರಾಗಿ ಬೆಳೆಯುತ್ತಿದ್ದ. ಇವಳು ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಮೂರು ವರ್ಷದ ಹಿಂದೆ ಗಳಗಂಡಕ್ಕೆ ಮೈಸೂರಿನಲ್ಲಿ ಆಪರೇಷನ್ ಆಗಿತ್ತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಬಹುಭಾಗ ತೆಗೆದಿದ್ದರಿಂದ ಅದರ ಕೆಲಸವನ್ನು ದಿನವೂ ಒಂದು ಮಾತ್ರೆ ಮಾಡಬೇಕಿತ್ತು. ಅದು ಸಾಲದೆಂದು ಕೆಟ್ಟ ಉಬ್ಬಸ. ಅದಕ್ಕೆ ಬೇರೆ ಯಾವ ಔಷಧಿಯೂ ನಾಟದೆ ಮೈಸೂರಿನ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರು. ಐದು ಮಿಲಿಗ್ರಾಂನ ಮಾತ್ರೆ, ದಿನಕ್ಕೆ ಮೂರು. ಅವರ ಚೀಟಿಯನ್ನು ಅವಳು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದಿದ್ದಳು.

ಸ್ಟೀರಾಯ್ಡ್ ಉಬ್ಬಸವನ್ನು ಹಿಡಿದು ನಿಲ್ಲಿಸಿತ್ತು, ಆದರೆ ಮೈಯನ್ನು ಬೆಳೆಸುತ್ತಿತ್ತು. ಈ ಔಷಧಿಯಿಂದ ಹಸಿವು ಹೆಚ್ಚುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಮುಖ ದುಂಡಗಾಗುತ್ತದೆ, ಕೈಕಾಲು ತೆಳ್ಳಗೇ ಉಳಿದು ಹೊಟ್ಟೆ ಮುಂದಕ್ಕೆ ಬರುತ್ತದೆ. ಮಾತ್ರೆ ಶುರುಮಾಡಿದಾಗ ನಲವತ್ತಾರು ಕಿಲೋ ಇದ್ದವಳು ನನ್ನ ಬಳಿ ಬಂದಾಗ ಐವತ್ತನಾಲ್ಕು ಇದ್ದಳು. ಎರಡು ಸಲ ಡೋಸ್ ಇಳಿಸಿ ನೋಡಿದೆ. ಎರಡು ಸಲವೂ ನಾಲ್ಕೇ ದಿನಕ್ಕೆ ಉಸಿರು ಕಟ್ಟಿಕೊಂಡು ಗಾಡಿಯಲ್ಲಿ ಬಂದಳು. ಬೇಸಿಗೆ ಬರಲಿ, ಆಮೇಲೆ ನಿಧಾನವಾಗಿ ಕಡಿಮೆ ಮಾಡೋಣ ಎಂದು ಹೇಳಿ ಮತ್ತೆ ಮೂರಕ್ಕೇ ಏರಿಸಿದೆ.

ಹಳ್ಳಿಯವರಿಗೆ ಅರ್ಥವಾಗುವಂತೆ ಹೇಳುವುದರಲ್ಲಿ ನಾನು ನಿಸ್ಸೀಮ ಎಂದು ನನಗೆ ಹೆಮ್ಮೆ. ಎರಡು ಪೊಟ್ಟಣಗಳನ್ನು ಅವಳ ಮುಂದಿಟ್ಟು, “ನೋಡಮ್ಮ, ಇದು ಉಬ್ಬಸಕ್ಕೆ, ಇದು ಮೈ ಊದಿಸುವ ಮಾತ್ರೆ. ಇದು ಗಂಟಲಿನದು, ಮೈ ಇಳಿಸುವ ಮಾತ್ರೆ. ಎರಡೂ ಬೇಕು” ಎಂದೆ. ಥೈರಾಯ್ಡ್ ಮಾತ್ರೆ ನಿಜವಾಗಿ ಮೈ ಇಳಿಸುವುದಕ್ಕಲ್ಲ. ಅದು ಸಾಲದಾದರೆ ಮೈ ಭಾರವಾಗುತ್ತದೆ, ಅಷ್ಟೆ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ನನ್ನ ಈ ವಿವರಣೆ ನನಗೆ ಬಹಳ ಮುದ್ದಾಗಿತ್ತು. ರಾಜಮ್ಮನೂ ಇವೇ ಹೆಸರುಗಳನ್ನು ಬಳಸತೊಡಗಿದರು.

ತೂಕಕ್ಕೆ ಪಥ್ಯ ಹೇಳಿದೆ. ಮುದ್ದೆ ಮುಷ್ಟಿಗಿಂತ ದೊಡ್ಡದಿರಬಾರದು, ಸೊಪ್ಪು ಎಷ್ಟಾದರೂ ತಿನ್ನಬಹುದು, ಬೆಲ್ಲ ಬೇಡ, ಉಪ್ಪು ಆದಷ್ಟು ಕಡಿಮೆ. ಒಂದೇ ಒಲೆ, ಒಂದೇ ಮಡಕೆಯ ಮನೆಯಲ್ಲಿ ಸೊಸೆಗೆ ಬೇರೆ ಸಾರು ಎಲ್ಲಿಂದ ಬರಬೇಕು? ಉಪ್ಪು ಹಾಕುವ ಮುಂಚೆಯೇ ತನ್ನ ಪಾಲಿನ ಸಾರನ್ನು ಒಂದು ಬಟ್ಟಲಿಗೆ ಬಗ್ಗಿಸಿಟ್ಟುಕೊಳ್ಳುತ್ತಿದ್ದಳಂತೆ. ಎಲ್ಲರೂ ಉಂಡ ಮೇಲೆ ಅವಳ ಊಟ. ಅಷ್ಟು ಹೊತ್ತಿಗೆ ಈ ಔಷಧಿಯ ಹಸಿವು ಹೊಟ್ಟೆಯನ್ನು ಸುಡುತ್ತಿರುತ್ತದೆ. ಆದರೂ ಪಥ್ಯ ಮುರಿಯಲಿಲ್ಲ. ಪ್ರತಿ ಎರಡನೇ ಸೋಮವಾರ ಬಂದು ತೂಕದ ಯಂತ್ರ ಹತ್ತುವಳು, ಮುಳ್ಳು ಇನ್ನೂ ಮುಂದೆ ಹೋಗುವುದು. ಜನವರಿಯ ಹೊತ್ತಿಗೆ ಅರವತ್ತಾರು ಕಿಲೋ.

ಸಂಕ್ರಾಂತಿ ಕಳೆದ ಮೇಲೆ ಅವಳ ಅತ್ತೆಯೂ ಜೊತೆಗೆ ಬಂದರು. ಪುಟ್ಟಮಾದಮ್ಮನ ಎರಡೂ ಕೈತುಂಬ ಹಸಿರು ಬಳೆ. ನಡೆದದ್ದು ಇಷ್ಟು: ಮೂರು ತಿಂಗಳಿಂದ ಅವಳು ಹೊರಗಾಗಿರಲಿಲ್ಲ, ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ಅತ್ತೆ ಲೆಕ್ಕ ಹಾಕಿ ತವರಾದ ಮಧುವನಹಳ್ಳಿಗೆ ಹೇಳಿಕಳಿಸಿದ್ದರು. ಅಲ್ಲಿಂದ ಅಣ್ಣನ ಹೆಂಡತಿ ಕುಕ್ಕೆಗಟ್ಟಲೆ ಬಯಕೆ ಅಡಿಗೆ ಹೊತ್ತುಕೊಂಡು ಬಂದು, ಕೇರಿಯ ಮುತ್ತೈದೆಯರನ್ನೆಲ್ಲ ಕರೆದು, ಬಳೆ ತೊಡಿಸಿ ಮಡಿಲು ತುಂಬಿದ್ದಳು. ಹತ್ತು ವರ್ಷ ಕಾದ ಮನೆ. ಬೇಡ ಅನ್ನಲು ಪುಟ್ಟಮಾದಮ್ಮನಿಗೂ ಮನಸ್ಸು ಬಂದಿರಲಿಲ್ಲ, ಅವಳೂ ನಂಬಿದ್ದಳು.

ರಾಜಮ್ಮ ಒಳಗೆ ಕರೆದುಕೊಂಡು ಹೋಗಿ ಪರೀಕ್ಷಿಸಿದರು, ಆಮೇಲೆ ನಾನೂ ನೋಡಿದೆ. ಗರ್ಭ ಇರಲಿಲ್ಲ. ಮುಟ್ಟು ನಿಂತದ್ದಕ್ಕೂ ಹೊಟ್ಟೆ ಬಂದದ್ದಕ್ಕೂ ಸ್ಟೀರಾಯ್ಡೇ ಕಾರಣ. ಇದನ್ನು ಅವಳೊಬ್ಬಳಿಗೇ ಹೇಳಬೇಕು ಎಂಬ ಬುದ್ಧಿ ನನಗಿರಲಿಲ್ಲ. ಹೊರಗೆ ಬಂದು, ಅತ್ತೆಯ ಎದುರಿಗೆ, ಬೆಂಚಿನ ಮೇಲೆ ಕುಳಿತ ರೋಗಿಗಳೆಲ್ಲ ಕೇಳುವಂತೆ, ಇದು ಬಸಿರಲ್ಲ, ಮಾತ್ರೆಯಿಂದ ಬಂದ ಹೊಟ್ಟೆ ಎಂದುಬಿಟ್ಟೆ.

“ಇಲ್ವಾ ಸಾ?” ಎಂದಳು. ಅತ್ತೆ ಎದ್ದು ಅವಳಿಗೆ ಕಾಯದೆ ಹೊರಟುಹೋದರು. ಇವಳು ಮಾತ್ರ ಕುಳಿತೇ ಇದ್ದಳು, ಬಳೆಗಳ ಮೇಲೆ ಸೆರಗು ಮುಚ್ಚಿಕೊಂಡು, ಅಳುತ್ತ. ಸ್ಟೀರಾಯ್ಡ್ ಬಗ್ಗೆ ಕೊಡಬೇಕಾದ ಒಂದು ಮುಖ್ಯ ಎಚ್ಚರಿಕೆ ಇತ್ತು. ಅಳುತ್ತಿರುವವಳನ್ನು ಮತ್ತೆ ಹೆದರಿಸುವುದು ಬೇಡ, ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ. ಅದನ್ನು ಕರುಣೆ ಎಂದು ತಿಳಿದಿದ್ದೆ.

ಊರಿನ ಬಾಯಿಗೆ ಬೀಗವಿಲ್ಲ. ಶಾಗ್ಯದಲ್ಲಿ ಅವಳಿಗೆ ‘ಮಾತ್ರೆ ಬಸುರಿ’ ಎಂದು ಹೆಸರಾಯಿತೆಂದು ಆಮೇಲೆ ತಿಳಿಯಿತು. ಬಾವಿಯ ಬಳಿ ಹೆಂಗಸರು ಎಷ್ಟು ತಿಂಗಳು ಎಂದು ಕೇಳಿ ನಗುತ್ತಿದ್ದರಂತೆ.

ಫೆಬ್ರವರಿಯಲ್ಲಿ ಮುಳ್ಳು ಹಿಂದಕ್ಕೆ ಸರಿಯತೊಡಗಿತು. ಅರವತ್ನಾಲ್ಕು. ಮಾರ್ಚಿನಲ್ಲಿ ಅರವತ್ತು. ಏಪ್ರಿಲ್ ನಡುವೆ ಐವತ್ತಾರು. ನಾನು ಎಷ್ಟು ಹಿಗ್ಗಿದೆನೆಂದರೆ, ಅವಳ ಕಾರ್ಡನ್ನು ಎತ್ತಿ ಹಿಡಿದು, ಪಥ್ಯ ಮಾಡುವುದೆಂದರೆ ಹೀಗೆ ಎಂದು ಬೇರೆ ರೋಗಿಗಳಿಗೆ ಭಾಷಣ ಬಿಗಿದೆ. ಅವಳು ತಲೆ ತಗ್ಗಿಸಿ ನಕ್ಕಳು. ಎಂಟು ತಿಂಗಳಲ್ಲಿ ನಾನು ಕಂಡ ಮೊದಲ ನಗು ಅದು. ಹೊರಡುವಾಗ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಊಟ ಸೇರುವುದಿಲ್ಲ ಎಂದಳು. ಹಸಿವು ಕಡಿಮೆಯಾದದ್ದು ಒಳ್ಳೆಯದೇ, ಬಿಸಿಲು ಜೋರು, ಮಜ್ಜಿಗೆ ಕುಡಿ ಎಂದೆ. ರಕ್ತದೊತ್ತಡ ನೋಡಲಿಲ್ಲ. ಉಪಕರಣ ಮೇಜಿನ ಮೇಲೇ ಇತ್ತು. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ಮೇ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಶಿವಮಲ್ಲಪ್ಪ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಹಿಂದಿನ ದಿನದಿಂದ ವಾಂತಿ ಭೇದಿ. ಕೈಕಾಲು ತಣ್ಣಗಾಗಿದ್ದವು. ನಾಡಿ ಬೆರಳಿಗೆ ಸಿಕ್ಕೂ ಸಿಗದ ಹಾಗೆ ಓಡುತ್ತಿತ್ತು. ಮೇಲಿನ ರಕ್ತದೊತ್ತಡ ಅರವತ್ತು. ಸಲೈನ್ ಹಾಕಿದೆ. ಬಾಟಲಿಯ ಮೇಲೆ ಬಾಟಲಿ ಇಳಿದರೂ ಒತ್ತಡ ಏರಲಿಲ್ಲ. ಬರೀ ಭೇದಿಗೆ ಹೀಗಾಗುವುದಿಲ್ಲ ಎಂದು ಆಗ ಹೊಳೆಯಿತು. ಮಾತ್ರೆ ತಪ್ಪಿಸಿದ್ದಳೇ ಎಂದು ಗಂಡನನ್ನು ಕೇಳಿದೆ. ಒಂದು ದಿನವೂ ಇಲ್ಲ, ದಿನಾ ತೆಗೆದುಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದ. ಅವಳೇ ಕಣ್ಣು ತೆರೆದು ನಿಧಾನವಾಗಿ ಹೇಳಿದಳು.

“ಇಳ್ಸೋ ಮಾತ್ರೆ ಬುಡ್ಲಿಲ್ಲ ಸಾ. ದಿನಾ ತಕತಿದ್ದೆ. ಊದ್ಸೋದ ಬುಟ್ಬುಟ್ಟೆ. ಮೊದ್ಲು ಒಂದು ಬುಟ್ಟೆ, ಆಮೇಕೆ ಎಲ್ಲಾನೂ.”

ಓದುಗರಿಗೆ ಇಷ್ಟು ವಿವರಿಸಬೇಕು. ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ನಮ್ಮ ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಅಲ್ಲಿ ತಯಾರಾಗುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಮಾತ್ರೆ ಕೊಟ್ಟರೆ ಆ ಗ್ರಂಥಿಗಳು ಕೆಲಸ ಮರೆತು ಮಲಗುತ್ತವೆ. ಮಾತ್ರೆ ನಿಲ್ಲಿಸಿದರೆ ಕೂಡಲೇ ಏಳುವುದಿಲ್ಲ, ವರ್ಷವೂ ಹಿಡಿಯಬಹುದು. ಅದರ ನಡುವೆ ಜ್ವರವೋ ಭೇದಿಯೋ ಬಂದರೆ ತಡೆಯುವ ಶಕ್ತಿ ಮೈಗೆ ಇರುವುದಿಲ್ಲ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ಮುಂದುವರಿಸಿದರೆ ಮೈಯಲ್ಲಿ ಉಳಿದ ಅಷ್ಟಿಷ್ಟು ಸ್ಟೀರಾಯ್ಡೂ ಬೇಗ ಖರ್ಚಾಗುತ್ತದೆ. ಹಸಿವು ಹೋದದ್ದು, ಕಣ್ಣು ಕತ್ತಲೆ ಬಂದದ್ದು, ನಾನು ಎತ್ತಿ ತೋರಿಸಿದ ಆ ತೂಕ ಇಳಿದದ್ದು, ಎಲ್ಲ ಇದರ ಗುರುತುಗಳೇ ಆಗಿದ್ದವು. ಒಣ ಹವೆಯಿಂದ ಉಬ್ಬಸ ಮರುಕಳಿಸದೆ ಇದ್ದದ್ದರಿಂದ ಅವಳಿಗೂ ಅನುಮಾನ ಬಂದಿರಲಿಲ್ಲ, ನನಗೂ ಬರಲಿಲ್ಲ.

ಬೀರುವಿನಲ್ಲಿ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಒಂದೇ ಒಂದು ಇತ್ತು. ನರಕ್ಕೆ ಕೊಟ್ಟೆ. ಇನ್ನಷ್ಟು ತರಲು ಕೊಳ್ಳೇಗಾಲಕ್ಕೆ ಜೀಪು ಕಳಿಸಿದೆ. ಹನ್ನೆರಡರ ಹೊತ್ತಿಗೆ ಒತ್ತಡ ಎಂಬತ್ತಕ್ಕೆ ಬಂತು. ಅವಳು ನೀರು ಕೇಳಿದಳು. ಗೆದ್ದೆ ಅಂದುಕೊಂಡೆ. ರಾಜಮ್ಮ ಬಾಯಿಗೆ ನೀರು ಬಿಡುವಾಗ ಅವಳು ನನ್ನ ಕಡೆ ತಿರುಗಿ, “ಇವತ್ತು ತೂಕ ನೋಡ್ನಿಲ್ವಲ್ಲ ಸಾ” ಎಂದಳು. ನಾಳೆ ನೋಡೋಣ ಕಣಮ್ಮ ಎಂದೆ. ಒಂದು ಗಂಟೆಗೆ ಒತ್ತಡ ಮತ್ತೆ ಕುಸಿಯಿತು. ಎರಡಕ್ಕೆ ಹತ್ತು ನಿಮಿಷ ಇರುವಾಗ ಅವಳು ಹೋದಳು. ಜೀಪು ಬಂದಾಗ ಎರಡೂಕಾಲು. ಡ್ರೈವರ್ ಇಂಜೆಕ್ಷನ್ ಡಬ್ಬಿ ಹಿಡಿದು ಒಳಗೆ ಓಡಿಬಂದ. ನಾನು ಅದನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟೆ.

ಎರಡು ವಾರದ ಮೇಲೆ ಶಿವಮಲ್ಲಪ್ಪ ಒಬ್ಬನೇ ಬಂದ. ಬೈಯುತ್ತಾನೆ ಅಂದುಕೊಂಡೆ, ಬೈಯಲಿ ಎಂದೇ ಆಸೆಪಟ್ಟೆ. ಅವನು ಹೆಗಲ ವಸ್ತ್ರದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ. ಅವಳು ನುಂಗದೆ ಕೂಡಿಟ್ಟಿದ್ದ ಮಾತ್ರೆಗಳು. ಹುಳು ಸಾಕುವ ತಟ್ಟೆಗಳ ಹಿಂದೆ ಸಿಕ್ಕಿದ್ದವಂತೆ.

“ಬಿಸಾಡಕ್ಕೆ ಮನ್ಸು ಬರ್ನಿಲ್ಲ ಸಾ. ಯಾರಾದ್ರೂ ಬಡವ್ರಿಗೆ ಆಯ್ತವೆ, ಮಡೀಕಳಿ” ಎಂದ. ಹೊರಡುವಾಗ ಇನ್ನೊಂದು ಮಾತು ಹೇಳಿದ. “ನೀವು ಬೇಸ್ ಅಂದ್ರಿ ಅಂತ ಮನೇಗ್ ಬಂದು ಏಳಿದ್ಲು ಸಾ. ಅವತ್ತು ಒಟ್ಟೆ ತುಂಬ ನಗ್ತಿದ್ಲು.”

ಅವನು ಹೋದ ಮೇಲೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೊರಗಿನ ಸಾಲನ್ನು ಆ ದಿನ ರಾಜಮ್ಮನೇ ನಿಭಾಯಿಸಿದರು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತಿಸದೆ ಇರುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿಲ್ಲ. ಆಮೇಲೆ ನಾನು ಯಳಂದೂರಿನಲ್ಲೂ ಕೊಳ್ಳೇಗಾಲದಲ್ಲೂ ಕೆಲಸ ಮಾಡಿದೆ, ಸ್ಟೀರಾಯ್ಡ್ ಬರೆಯಬೇಕಾದ ರೋಗಿಗಳು ಎಷ್ಟೋ ಬಂದರು. ಯಾರಿಗೂ ಮಾತ್ರೆಗೆ ಅಡ್ಡಹೆಸರು ಇಟ್ಟು ಕೊಡಲಿಲ್ಲ. ತೂಕ ಇಳಿದಿದ್ದರೆ ಹೊಗಳುವ ಮೊದಲು ರಕ್ತದೊತ್ತಡ ನೋಡಿ, ಯಾವ ಮಾತ್ರೆ ಬಿಟ್ಟಿದ್ದೀರಿ, ನಾನು ಬೈಯುವುದಿಲ್ಲ ಎಂದು ಕೇಳುತ್ತಿದ್ದೆ. ಹೊಸದಾಗಿ ಶುರುಮಾಡುವವರಿಗೆ ಮೊದಲ ದಿನವೇ, ಮೈ ಊದಿದರೆ ನನ್ನನ್ನು ಬೈಯಿರಿ, ಆದರೆ ನನ್ನನ್ನು ಕೇಳದೆ ಇದನ್ನು ನಿಲ್ಲಿಸಿದರೆ ಜೀವ ಹೋಗುತ್ತದೆ ಎಂದು ಹೇಳುತ್ತಿದ್ದೆ. ಕೆಲವರು ಹೆದರಿದರು, ಕೆಲವರು ಅತ್ತರು. ಅಳಲಿ ಎಂದು ಬಿಟ್ಟೆ. ಈ ಮಾತು ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಪುಟ್ಟಮಾದಮ್ಮ ಒಂಬತ್ತು ತಿಂಗಳು ನನ್ನ ಮುಂದೆ ಬಂದು ಕುಳಿತಿದ್ದಳು.