ಬಸವಂತಪ್ಪನವರ ರಟ್ಟಿನ ಮೀನು

ಬಸವಂತಪ್ಪನವರು ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರ ಕಂಕುಳಲ್ಲಿ ನಾಲ್ಕಡಿ ಉದ್ದದ ಒಂದು ಮೀನಿತ್ತು. ಟಿವಿ ಬಂದ ಪೆಟ್ಟಿಗೆಯನ್ನು ಕತ್ತರಿಸಿ ಮಾಡಿದ ರಟ್ಟಿನ ಮೀನು. ಅಗಲವಾದ ಬಾಯಿ, ಅದರ ಎರಡೂ ಕಡೆ ದಾರದ ಮೀಸೆ, ಬಾಲಕ್ಕೆ ಕೆಂಪು ಬಣ್ಣ. ಬಾಗಿಲು ತೆರೆದ ನನ್ನ ಹೆಂಡತಿ ಶಾರದಾ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರಬ್ಯಾಡ್ರಿ ಅಕ್ಕಾರ, ಇದು ಊಟ ಕೇಳಂಗಿಲ್ಲ," ಎಂದು ನಕ್ಕು, ಹೊಸಿಲಾಚೆ ಬೂಟು ಬಿಟ್ಟು, ಮೀನನ್ನು ಓರೆಯಾಗಿ ಹಿಡಿದುಕೊಂಡು ಒಳಗೆ ಬಂದರು.

ನಮ್ಮ ಮನೆ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ. ಅವರದು ಡಲ್ಲಾಸ್ ಕಡೆಯ ಯೂಲೆಸ್. ನಡುವೆ ನಾಲ್ಕು ತಾಸಿನ ದಾರಿ. ದೊಡ್ಡ ಅಕ್ವೇರಿಯಂ ಇಡುತ್ತೇವೆ, ಯಾವ ಮೀನು ಬಿಡೋಣ ಎಂದು ಯಾರಾದರೂ ಕೇಳಿದರೆ ಸಾಕು, ರಜೆಯ ದಿನ ಕಾರು ಹತ್ತಿ ಬಂದುಬಿಡುತ್ತಿದ್ದರು. ಅದರಲ್ಲೂ ಕ್ಯಾಟ್‌ಫಿಶ್ ಎಂದರೆ, ನಮ್ಮ ಕಡೆ ಮೀಸೆ ಮೀನು ಅನ್ನುತ್ತೇವಲ್ಲ, ಅದರ ಮಾತು ಬಂದರೆ ಕಾಫಿ ಆರಿಹೋಗುವವರೆಗೂ ಲೋಟ ಮುಟ್ಟುತ್ತಿರಲಿಲ್ಲ.

ಗದಗಿನ ಕಡೆಯವರು. ಹುಟ್ಟಾ ಸಸ್ಯಾಹಾರಿ. ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕೆಲಸ. ದೂರದ ನದಿಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬರುವ ಮೀನುಗಳ ಪೆಟ್ಟಿಗೆಗಳನ್ನು ಬಿಸಿಲಿನಿಂದ ನೆರಳಿಗೆ ಎತ್ತಿಡುತ್ತಾ, ಒಂದೊಂದರ ಹೆಸರು ಕೇಳುತ್ತಾ, ಇಪ್ಪತ್ತು ವರ್ಷದಲ್ಲಿ ಎಲ್ಲವನ್ನೂ ಕಲಿತಿದ್ದರು. "ಒಂದು ದಿನವೂ ಮೀನು ತಿನ್ನದೆ ಇಷ್ಟೆಲ್ಲ ಹೇಗೆ ಗೊತ್ತು?" ಎಂದು ಶಾರದಾ ಕೇಳಿದಾಗ, "ತಿನ್ನಾಕ ಬರಂಗಿಲ್ಲ, ಅದಕ್ಕ ನೋಡಾಕ ಬರತೈತ್ರಿ," ಎಂದರು.

ಅಂದು ಅವರು ರಟ್ಟಿನ ಮೀನು ತಂದದ್ದು ನನ್ನ ಆಸೆಗೆ ಉತ್ತರವಾಗಿ. ಅಂಗಡಿಯಲ್ಲಿ ಬೆರಳುದ್ದದ ಕೆಂಪು ಬಾಲದ ಕ್ಯಾಟ್‌ಫಿಶ್ ಮರಿ ನೋಡಿ ಮರುಳಾಗಿ, ಅದೇ ಬೇಕು ಎಂದು ಫೋನಿನಲ್ಲಿ ಹೇಳಿದ್ದೆ. ನನ್ನ ತೊಟ್ಟಿ ಆರಡಿ ಉದ್ದ, ಎರಡಡಿ ಅಗಲ. ಇನ್ನೂ ನೀರು ತುಂಬಿರಲಿಲ್ಲ. ಅವರು ರಟ್ಟನ್ನು ಅದರೊಳಗೆ ಇಳಿಸಿ, "ತಗೋರಿ ರಾಯರ, ಈ ಕಡೆ ಮಾರಿ ಐತಿ. ಆ ಕಡೆ ತಿರುಗಸ್ರಿ ನೋಡೋಣು," ಎಂದರು.

ತಿರುಗಿಸಲು ಹೋದೆ. ಬಾಲ ಗಾಜಿಗೆ ತಗುಲಿ ರಟ್ಟು ಬಾಗಿತು.

"ರಟ್ಟು ಬಾಗತೈತಿ. ಬೆನ್ನಿನ ಎಲುಬು ಬಾಗಂಗಿಲ್ರಿ. ಅಂಗಡ್ಯಾಗ ಇವತ್ತಿನ ಮೀನು ಮಾರ್ತಾರ. ನಾವು ಐದು ವರ್ಷದ ಮ್ಯಾಲಿನ ಮೀನು ಆರಸಬೇಕು. ಇದನ್ನ ಒಂದು ವಾರ ಇಟ್ಕೊಂಡು ಇದರ ಜೋಡಿ ಸಂಸಾರ ಮಾಡ್ರಿ. ಆಮ್ಯಾಲೂ ಬೇಕು ಅನಿಸಿದ್ರ ಮಾತಾಡೋಣು."

ಎಲ್ಲ ಮನೆಯಲ್ಲೂ ಅವರ ಕ್ರಮ ಇದೇ. ಬೆಳೆದು ನಿಂತ ಮೀನಿನ ಅಳತೆಗೆ ರಟ್ಟು ಕತ್ತರಿಸಿ ತೊಟ್ಟಿಯಲ್ಲಿ ಒಂದು ವಾರ ಇಡಿಸುವುದು. ವಾರದ ನಂತರ ನನಗೆ ಕೆಂಪು ಬಾಲದ್ದು ಬೇಡವೇ ಬೇಡ ಎಂದು ಹೇಳಿ, ತಾವೇ ಆರಿಸಿದ್ದನ್ನು ತಂದರು. ಗುಂಪಿನಲ್ಲೇ ಬದುಕುವ ಪುಟ್ಟ ಕೋರಿ ಮೀನುಗಳು ಹತ್ತು. ಅವುಗಳ ಮೀಸೆ ಸವೆಯದಿರಲೆಂದು ನಾನು ಹಾಕಿದ್ದ ಚೂಪುಕಲ್ಲು ತೆಗೆಸಿ ನುಣುಪು ಮರಳು ಹಾಸಿಸಿದರು. ಕೊನೆಗೆ ಒಂದು ಪ್ಲಾಸ್ಟಿಕ್ ಜಾಡಿ ತೆಗೆದರು. ಒಳಗೆ ಕಪ್ಪು ಮೈಮೇಲೆ ಬಿಳಿ ಪಟ್ಟೆಯ ಗೇಣುದ್ದದ ಮೀನು.

"ಇದಕ್ಕ ಬಲೆ ಹಾಕಬಾರದ್ರಿ, ಮುಳ್ಳು ಸಿಕ್ಕೊಂತಾವ. ನನ್ನ ಮನ್ಯಾಗ ಎಂಟು ವರ್ಷ ಇತ್ತು. ನಿಮಗ ಕೊಡ್ತೀನಿ. ಕಿವಿ ಕೊಡ್ರಿ ಇಲ್ಲೆ."

ಜಾಡಿಯ ನೀರು ಬಗ್ಗಿಸಿ ಮೀನನ್ನು ಒದ್ದೆ ಅಂಗೈಯಲ್ಲಿ ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದರು. ಕಿರ್ರ್, ಕಿರ್ರ್. ಎಣ್ಣೆ ಕಾಣದ ಬಾಗಿಲಿನಂಥ ಸದ್ದು. ಅರವತ್ತೆಂಟು ವರ್ಷ ಮೀನು ಎಂದರೆ ಮೂಕಪ್ರಾಣಿ ಎಂದೇ ತಿಳಿದಿದ್ದವನು ನಾನು.

"ಮಾತಾಡುತ್ತಾ ಇದು?"

"ಬೈತೈತ್ರಿ. ಹಿಡದವರಿಗೆಲ್ಲ ಬೈತೈತಿ. ಬೈಸ್ಕೊಂಡು ರೂಢಿ ಮಾಡ್ಕೋರಿ."

ಅಂಥ ಮನುಷ್ಯನಿಗೆ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಣ್ಣ ಕರೆಸಿಕೊಂಡದ್ದರಿಂದ ಇಲ್ಲಿಗೆ ಬಂದು, ಟೈಲ್ಸ್ ಗೋದಾಮಿನಲ್ಲಿ ದುಡಿದು ನಿವೃತ್ತನಾದವನು. ನಮ್ಮ ಕನ್ನಡದವರೆಲ್ಲ ಡಾಕ್ಟರು, ಎಂಜಿನಿಯರು. ಯಾರ ಮನೆಗೆ ಹೋದರೂ ಅವರ ಮಾತಿನ ಅಂಚಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ನನ್ನ ಮನೆಯಲ್ಲಿ ಒಂದು ಸಲವಾದರೂ ಅವರು ಬಾಯಿ ತೆರೆದು ನಿಲ್ಲಬೇಕು ಎಂಬ ಆಸೆಗೆ, ಎರಡು ತಿಂಗಳಾದ ಮೇಲೆ ಗುಟ್ಟಾಗಿ ಆ ಕೆಂಪು ಬಾಲದ ಮರಿಯನ್ನು ತಂದುಬಿಟ್ಟೆ.

ಅದು ಬೆಳೆದ ಬಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಇವತ್ತು ನೋಡಿದ್ದಕ್ಕಿಂತ ಮುಂದಿನ ವಾರ ದೊಡ್ಡದು. ಕೋರಿಗಳು ಒಂದೊಂದಾಗಿ ಕಾಣೆಯಾದವು. ಶಾರದಾ ಕೇಳಿದರೆ, ಕಲ್ಲಿನ ಹಿಂದೆ ಅಡಗಿವೆ ಎಂದೆ.

ಗಣೇಶನ ಹಬ್ಬಕ್ಕೆ ಮನೆ ತುಂಬ ಜನ. ಗಣಪತಿಗೆ ಕೈಮುಗಿದವರು ನೆಟ್ಟಗೆ ತೊಟ್ಟಿಯ ಮುಂದೆ ಬಂದು ನಿಂತರು. ಆಸ್ಟಿನ್ ಕಡೆಯ ಫ್ಲೂಗರ್‌ವಿಲ್‌ನಿಂದ ಬಂದಿದ್ದ ಸಾಫ್ಟ್‌ವೇರ್ ಹುಡುಗ ಸಂತೋಷ್ ಮಗಳನ್ನು ಎತ್ತಿಕೊಂಡು ಬಂದು, "ಅಂಕಲ್, ಸಖತ್ತಾಗಿದೆ! ಇದು ತುಂಬಾ ದೊಡ್ಡದಾಗುತ್ತಂತಲ್ಲ, ಬಸವಂತಪ್ಪ ಅಂಕಲ್ ಓಕೆ ಅಂದ್ರಾ?" ಎಂದು ಕೇಳಿದ.

ಎಲ್ಲರ ಕಣ್ಣೂ ನನ್ನ ಮೇಲಿತ್ತು. "ಓಕೆ ಅನ್ನೋದೇನು, ಅವರೇ ಆರಿಸಿ ಕೊಟ್ಟಿದ್ದು," ಎಂದೆ.

ಮರುವರ್ಷ ಒಂದು ಬೆಳಗ್ಗೆ ಆ ದೊಡ್ಡ ಮೀನು ಬಾಯಿ ತೆರೆದುಕೊಂಡು ತಳದಲ್ಲಿ ಬಿದ್ದಿತ್ತು. ಬಾಯಿಂದ ಪಟ್ಟೆ ಮೀನಿನ ಬಾಲ ಹೊರಗೆ ಕಾಣುತ್ತಿತ್ತು. ಮುಳ್ಳು ಗಂಟಲಿಗೆ ಸಿಕ್ಕು ಇದಕ್ಕೆ ನುಂಗಲೂ ಆಗದು, ಉಗುಳಲೂ ಆಗದು. ನಾಚಿಕೆ ಬಿಟ್ಟು ಯೂಲೆಸ್‌ಗೆ ಫೋನ್ ಮಾಡಿದೆ. "ದೀಪ ಆರಸ್ರಿ, ಗಾಳಿ ಪಂಪು ಜೋರು ಮಾಡ್ರಿ, ಕೈ ಹಚ್ಚಬ್ಯಾಡ್ರಿ," ಎಂದಷ್ಟೇ ಹೇಳಿ ಮಧ್ಯಾಹ್ನದ ಹೊತ್ತಿಗೆ ಬಂದಿಳಿದರು.

ಒದ್ದೆ ಟವಲಿನಲ್ಲಿ ಮೀನನ್ನು ಸುತ್ತಿ ನೆಲದ ಮೇಲೆ ಮಲಗಿಸಿ, ನನ್ನ ಕೈಯಿಂದ ನೀರು ಹಾಕಿಸುತ್ತಾ, ತಂತಿ ಕತ್ತರಿಸುವ ಕಟ್ಟರನ್ನು ಅದರ ಬಾಯೊಳಗೆ ಇಳಿಸಿದರು. ಕಟಕ್. ಮತ್ತೊಂದು ಕಡೆಯ ಮುಳ್ಳು, ಕಟಕ್. ಪಟ್ಟೆ ಮೀನು ಜಾರಿ ಅವರ ಅಂಗೈಗೆ ಬಂತು. ಕಿರ್ರ್ ಎಂದಿತು.

"ಇನ್ನೂ ಬೈಯಾಕ ಹತ್ತೈತಿ. ಬದುಕತೈತ್ರಿ," ಎಂದು ನಕ್ಕ ಅವರು ಹಣೆಯ ಬೆವರು ಮೀನಿನ ಮೇಲೆ ಬೀಳದಂತೆ ಮುಖ ತಿರುಗಿಸಿಕೊಂಡರು. ಎರಡೂ ಬದುಕಿದವು. ಕೆಂಪು ಬಾಲದ ಮೀನು ಇಲ್ಲಿಗೆ ಹೇಗೆ ಬಂತು ಎಂದು ಅವರು ಕೇಳಲಿಲ್ಲ. "ಇದನ್ನ ನಾನು ಒಯ್ತೀನಿ," ಎಂದರು, ಅಷ್ಟೆ. ತಮ್ಮ ಗ್ಯಾರೇಜಿನಲ್ಲಿ ದನಗಳಿಗೆ ನೀರಿಡುವ ದೊಡ್ಡ ದುಂಡು ತೊಟ್ಟಿ ತಂದಿಟ್ಟು ಅದಕ್ಕೆ ಜಾಗ ಮಾಡಿದರು. ಕಾರು ಹೊರಗೆ ನಿಂತಿತು. ಆ ವಸಂತದ ಆಲಿಕಲ್ಲು ಅದರ ಮೈತುಂಬ ಗುಳಿ ಹಾಕಿತು.

ಕೆಲವು ತಿಂಗಳಾದ ಮೇಲೆ ಸಂತೋಷ್ ಸಿಕ್ಕಿದ. ನನ್ನ ಮಾತು ನಂಬಿ ಅವನೂ ಆ ಮೀನನ್ನೇ ತಂದು ನಾಲ್ಕಡಿ ತೊಟ್ಟಿಯಲ್ಲಿ ಸಾಕಿದ್ದನಂತೆ. ತಿರುಗಲಾರದೆ ಗಾಜಿಗೆ ಮೂತಿ ಹೊಡೆದುಕೊಂಡು ಅದು ಸತ್ತಿತ್ತು. ಮಗಳು ಎರಡು ದಿನ ಊಟ ಬಿಟ್ಟಿದ್ದಳು.

"ಬಸವಂತಪ್ಪ ಅಂಕಲ್‌ಗೆ ಫೋನ್ ಮಾಡಿ ಚೆನ್ನಾಗಿ ಅಂದೆ. ಎಂಥಾ ಮೀನು ಆರಿಸ್ತೀರಿ ನೀವು ಅಂತ."

"ಅವರೇನಂದರು?"

"ಅಂಕಲ್, ಪಾಪು ಹೇಗಿದ್ದಾಳೆ ಅಂತ ಕೇಳಿದ್ರು."

ಆಮೇಲೆ ಆಸ್ಟಿನ್ ಕಡೆಯವರು ಅವರನ್ನು ಕರೆಯುವುದನ್ನೇ ಬಿಟ್ಟರು.

ತಡೆಯಲಾರದೆ ಯೂಲೆಸ್‌ಗೆ ಹೋದೆ. ಗ್ಯಾರೇಜಿನಲ್ಲಿ ಆ ದೊಡ್ಡ ಮೀನು ನಿಧಾನವಾಗಿ ಸುತ್ತುತ್ತಿತ್ತು. ಅದು ಪೂರ್ತಿ ತಿರುಗುವುದನ್ನು ನಾನು ನೋಡಿದ್ದು ಅದೇ ಮೊದಲು. ಹಡಗು ತಿರುಗಿದ ಹಾಗಿತ್ತು. ತೊಟ್ಟಿಯ ಅಂಚು ಹಿಡಿದು ಎಲ್ಲವನ್ನೂ ಹೇಳಿದೆ.

"ಗೊತ್ತೈತ್ರಿ," ಎಂದರು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?"

"ನಾ ಹೇಳಿದ್ರ ನಿಮ್ಮ ಮನೀಗೆ ಯಾರು ಬರ್ತಿದ್ರು, ರಾಯರ?" ಬಗ್ಗಿ ಗಾಳಿ ಪಂಪಿನ ಕೊಳವೆ ಸರಿಪಡಿಸಿದರು. "ಆದ್ರ ನನಗ ಹೇಳಿದ್ರ ಏನು ಬಂತು? ಆ ಮಂದಿಗೆ ಹೇಳ್ರಿ. ಬಸವಂತಪ್ಪ ಹೂಂ ಅಂದಾನ ಅಂತ ಇನ್ನೊಬ್ರು ಈ ಮೀನು ತಂದಾರು. ನನ್ನ ಹೆಸರಿನ ಮಾತು ಬಿಡ್ರಿ. ಮೀನಿನ ಮಾತು ಇದು."

ಯುಗಾದಿ ಕೂಟದಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹಿರಿಯರೆಂದು ಮೈಕೂ ಕೈಗೆ ಕೊಟ್ಟರು. ಮೂರನೆಯ ಸಾಲಿನಲ್ಲಿ ಬಸವಂತಪ್ಪನವರು ಕೂತಿದ್ದರು. ನಾನು ಒಬ್ಬಟ್ಟಿನ ರುಚಿ ಹೊಗಳಿ ಕೆಳಗಿಳಿದೆ. ಅವರು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು. ಅದೇ ಕೊನೆಯ ಭೇಟಿ. ಆ ಬೇಸಿಗೆಯಲ್ಲಿ ಅವರ ಹೃದಯ ನಿಂತಿತು.

ತೊಟ್ಟಿ, ಮೀನು ಎರಡೂ ಈಗ ನನ್ನ ಗ್ಯಾರೇಜಿನಲ್ಲಿವೆ. ನನ್ನ ಕಾರು ಹೊರಗಿದೆ. ಅವರ ಮನೆಯವರು ಮೀನಿನ ಜೊತೆ ಆ ಹಳೆಯ ರಟ್ಟನ್ನೂ ಕೊಟ್ಟರು. ಆಗಾಗ ಅದನ್ನು ನೀರಿನ ಮೇಲೆ ಅಡ್ಡ ಹಿಡಿದು ನೋಡುತ್ತೇನೆ. ಕೆಳಗೆ ಮೀನು ಬಂದು ನಿಲ್ಲುತ್ತದೆ. ಅವರು ಕತ್ತರಿಸಿದ ಅಳತೆಗೆ ಇನ್ನು ನಾಲ್ಕೇ ಬೆರಳು ಬಾಕಿ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಯಾರ ಬಗ್ಗೆಯಾದರೂ ಬರೆದುಕೊಡಿ ಎಂದರು. ಇದನ್ನು ಓದುವ ಸಂತೋಷನಿಗೆ, ಅವನ ಮಗಳಿಗೆ, ಆಸ್ಟಿನ್ನಿನವರಿಗೆಲ್ಲ ತಿಳಿದಿರಲಿ. ಆ ಮೀನನ್ನು ಆರಿಸಿದವನು ನಾನು. ಬಸವಂತಪ್ಪನವರು ಬೇಡ ಎಂದಿದ್ದರು.