ಮೆನುವಿನ ಮೇಲೊಂದು ಕ್ಯಾಲೆಂಡರ್

ಹದಿನೆಂಟು ಮೆನು ಜೋಡಿಸಿದವನ ಗೋಳು ಸ್ವಲ್ಪ ಕೇಳ್ರಪ್ಪಾ.

ಕಿಬ್ಬನಹಳ್ಳಿ ಕಡೆಯ ಒಂದು ತೆಂಗು ಬೆಳೆಗಾರರ ಸಂಘಕ್ಕೆ ಕಚೇರಿ ಕೆಲಸದ ಪೋರ್ಟಲ್ ಮಾಡಿಕೊಟ್ಟವನು ನಾನೇ. ಅದರ ಹೊಸ ಮುಖಪುಟ ತೋರಿಸೋಣವೆಂದು ಇವತ್ತು ಬೆಳಿಗ್ಗೆ ಹೋದರೆ, ಅಲ್ಲಿನ ಗುಮಾಸ್ತೆ ಗಿರಿಜಮ್ಮನವರು ಕಂಪ್ಯೂಟರ್ ಪರದೆಯ ಎಡಭಾಗಕ್ಕೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಾರೆ! ನನ್ನ ಮೆನುಗಳೆಲ್ಲ ಅದರಡಿ ಮಾಯ. 'ಸೆಟ್ಟಿಂಗ್ಸ್' ಇರಬೇಕಾದ ಜಾಗದಲ್ಲಿ ಅಮಾವಾಸ್ಯೆ. ಹಾಳೆಗೆ ಎರಡೇ ತೂತು. ಒಂದರಲ್ಲಿ 'ರೈತರ ಹೆಸರು' ಕಾಣುತ್ತದೆ, ಇನ್ನೊಂದರಲ್ಲಿ 'ತೂಕದ ಚೀಟಿ'.

"ಏನಮ್ಮಾ ಇದು?" ಎಂದೆ.

"ಕಣ್ಣಿಗೆ ಕಂಡ್ರೆ ಏನೋ ಅಂತ ಒತ್ಬುಡ್ತೀನಿ ಕಣಪ್ಪ, ಅದು ಎಲ್ಲಿಗೋ ಕರ್ಕೊಂಡೋಯ್ತದೆ. ಆಚೆ ಕೊಬ್ಬರಿ ಚೀಲ ಇಳಿಸ್ಕೊಂಡು ಜನ ನಿಂತಿರ್ತಾರೆ. ನಾನಿಲ್ಲಿ ದಾರಿ ಹುಡುಕ್ತಾ ಕೂತ್ಕೊಳ್ಳಾ?"

"ಅದಕ್ಕೇ ಎಲ್ಲಾ ಬದಲಾಯಿಸಿದೀನಿ, ನೋಡಿ" ಎಂದು ಹಾಳೆ ಕಿತ್ತು ಹೊಸ ಮುಖಪುಟ ತೆರೆದೆ. ಬಣ್ಣಬಣ್ಣದ ಗ್ರಾಫು, ಗುಂಪು ಗುಂಪಾದ ಮೆನು, ಮುಟ್ಟಿದರೆ ಬಿಚ್ಚಿಕೊಳ್ಳುವ ಒಳಮೆನು. ಗಿರಿಜಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ತಾಳ್ಮೆಯಿಂದ ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತೆ.

"ಬೋ ಚೆನ್ನಾಗೈತೆ ಕಣಪ್ಪ" ಎಂದವರೇ ಮೇಜಿನ ಡ್ರಾಯರಿನಿಂದ ಕತ್ತರಿ ತೆಗೆದರು. "ನನ್ನವೆರಡು ಈಗ ಎಲ್ಲಿ ಅವೆ ತೋರ್ಸು. ಬೇರೆ ಹಾಳೆ ಕತ್ತರಿಸ್ಕೊಂತೀನಿ."

ತೋರಿಸಿದೆ. ಇನ್ನೇನು ಮಾಡಲಿ?

ಹೀಗಾಗಿ ಸಂಘದ ಹೊಸ ಮುಖಪುಟ ಇವತ್ತಿನಿಂದಲೇ ಬಳಕೆಗೆ ಬಂದಿದೆ. ವಿನ್ಯಾಸ ಗಿರಿಜಮ್ಮನವರದು. ಗಮ್ ಟೇಪ್ ಅಂಟಿಸಿದ್ದು ನಾನು.