ನೇರಳೆ ನೂಲಿನ ಗೂಡು

"ಮೇಷ್ಟ್ರೇ, ಹಿಮಾಲಯಕ್ಕೆ ಹೋಗ್ಬೇಕಿದ್ದ ನಿಮ್ಮ ಹಕ್ಕಿ ನಮ್ಮ ಹಿತ್ತಿಲಲ್ಲೇ ಸಂಸಾರ ಹೂಡೈತೆ, ಬನ್ನಿ!"

ದೊಡ್ಡಬಳ್ಳಾಪುರದ ನಮ್ಮ ಪಕ್ಕದ ಮನೆಯಲ್ಲಿ ಮಗ್ಗ ನಡೆಸುವ ಲಕ್ಷ್ಮಮ್ಮ ಕೂಗಿದರು. ಅಂಜೂರದ ಎರಡು ಎಲೆ ಸೇರಿಸಿ ಹೊಲಿದ ಗೂಡು. ಹೊಲಿಗೆಗೆ ಅವರ ಮಗ್ಗದಿಂದ ಉದುರಿದ ನೇರಳೆ ನೂಲು. ಒಳಗಿನಿಂದ ಹಾರಿದ್ದು ಎಲೆ ಹೊಲಿದು ಗೂಡು ಕಟ್ಟುವ, ಇಲ್ಲಿಯದೇ ಹಕ್ಕಿ ಸಿಂಪಿಗ. ಚಳಿಗಾಲವಿಡೀ ಅದೇ ಗಿಡದಲ್ಲಿ ಕಂಡ ಹಸಿರು ಹಕ್ಕಿಯನ್ನು ನಾನು ಹಿಮಾಲಯದಿಂದ ವಲಸೆ ಬಂದ ಉಲಿಯಕ್ಕಿ ಎಂದು ದಿನಚರಿಯಲ್ಲಿ ಬರೆದು, ಅವರಿಗೂ ಪಾಠ ಹೇಳಿದ್ದೆ. ಆದರೆ ಆ ವಲಸೆ ಹಕ್ಕಿ ಇಲ್ಲಿ ಗೂಡು ಕಟ್ಟುವುದೇ ಇಲ್ಲ.

"ಬಾಲ ಹಿಂಗೆ ಎತ್ಕೊಂಡೇ ಇರ್ತಿತ್ತಲ್ಲ, ನೀವು ನೋಡ್ಲಿಲ್ವಾ?" ಎಂದು ಅವರು ಬೆರಳು ನಿಮಿರಿಸಿ ತೋರಿಸಿದರು.

ಎತ್ತಿದ ಬಾಲವೇ ಸಿಂಪಿಗದ ಗುರುತು. ನೋಡಿದ್ದೆನೋ ಇಲ್ಲವೋ, ಈಗ ಹೇಳಲಾರೆ. ಎರಡೂ ಹಕ್ಕಿಗಳು ಆ ಗಿಡಕ್ಕೆ ಬಂದಿದ್ದವೇನೋ ಎಂದು ಮನಸ್ಸು ನೆಪ ಹುಡುಕುತ್ತದೆ. ಆ ಪುಟಗಳನ್ನು ಹರಿಯಲಿಲ್ಲ. ಪ್ರತಿ ಹೆಸರಿನ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದೆ. ಈಗ ಬಾಲ ಹೇಗಿತ್ತೆಂದು ಮೊದಲು ಬರೆಯುತ್ತೇನೆ, ಹೆಸರು ಆಮೇಲೆ.